ಡಬಲ್ ಹಾಕುವವರ ಲೆಕ್ಕ, ಡೇಟಾ ನೋಡುವವರ ಲೆಕ್ಕ: ಬೆಟ್ಟಿಂಗ್ ‘ಸಿಸ್ಟಮ್’ ನಂಬುವ ಮೊದಲು

ಬಿನ್ನಿಪೇಟೆಯಿಂದ ಮೆಜೆಸ್ಟಿಕ್‌ಗೆ ನಡೆದೇ ಹೋಗಬಹುದು. ಆನಂದರಾವ್ ಸರ್ಕಲ್ ಹತ್ತಿರ ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಗೋವಾ. ರೇಸ್‌ಕೋರ್ಸ್‌ಗೆ ಆಟೊ ಸಾಕು. ಕ್ರಿಕೆಟ್ ಬೆಟ್ಟಿಂಗ್‌ಗಾದರೆ ಮನೆಯಿಂದ ಹೊರಗೆ ಕಾಲಿಡುವುದೂ ಬೇಡ, ಫೋನಿದೆ. ಹಾಗಾಗಿ ಇಲ್ಲಿನ ಟೀ ಅಂಗಡಿಗಳಲ್ಲಿ ಎರಡು ಥರದ ಉಪದೇಶ ಕಿವಿಗೆ ಬೀಳುತ್ತಿರುತ್ತದೆ. ಗೋವಾದಿಂದ ಬಂದವರದು ಒಂದು: ‘ರೂಲೆಟ್‌ನಲ್ಲಿ ಕೆಂಪಿಗೆ ನೂರು ಹಾಕು. ಹೋಯಿತಾ, ಇನ್ನೂರು ಹಾಕು. ಅದೂ ಹೋಯಿತಾ, ನಾನೂರು. ಒಂದಲ್ಲ ಒಂದು ಸಲ ಕೆಂಪು ಬಂದೇ ಬರುತ್ತೆ, ಎಲ್ಲಾ ವಾಪಸ್.’ ಇನ್ನೊಂದು, ಹಳೆಯ ಬಿನ್ನಿ ಮಿಲ್ ಜಾಗದಲ್ಲಿ ಎದ್ದಿರುವ ಅಪಾರ್ಟ್‌ಮೆಂಟುಗಳ ಹುಡುಗರದು: ‘ಅದೆಲ್ಲ ಬರೀ ಲಕ್ ಅಂಕಲ್. ಕ್ರಿಕೆಟ್‌ನಲ್ಲಿ ಡೇಟಾ ಇದೆ. ಪಿಚ್, ಟಾಸ್, ಇಬ್ಬನಿ ಎಲ್ಲಾ ಎಕ್ಸೆಲ್‌ಗೆ ಹಾಕಿದರೆ ಗೆಲ್ಲಬಹುದು.’

ನಿಮ್ಮ ಮನೆಯಲ್ಲೇ ಯಾರೋ ಈ ಎರಡರಲ್ಲಿ ಒಂದನ್ನು ನಂಬಿ ಕೂತಿರಬಹುದು. ‘ಜೂಜು ಕೆಟ್ಟದ್ದು ಕಣೋ’ ಎಂದರೆ ಅವರು ಕೇಳುವುದಿಲ್ಲ. ಲೆಕ್ಕ ತೋರಿಸಿದರೆ ಒಂದು ನಿಮಿಷ ನಿಲ್ಲುತ್ತಾರೆ. ಈ ಲೇಖನ ಆ ಒಂದು ನಿಮಿಷಕ್ಕಾಗಿ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ರೂಲೆಟ್‌ನ ಡಬಲ್ ಲೆಕ್ಕ ಯಾರಿಗೂ, ಎಂದಿಗೂ ನಿಲ್ಲುವುದಿಲ್ಲ. ಡೇಟಾ ಲೆಕ್ಕ ಜಗತ್ತಿನಲ್ಲಿ ಕೆಲವರಿಗೆ ನಿಂತಿದೆ, ಆದರೆ ಬೆಂಗಳೂರಿನಲ್ಲಿ ಕೂತು ಫೋನ್ ಹಿಡಿದವರಿಗೆ ನಿಲ್ಲುವುದಿಲ್ಲ. ಎರಡಕ್ಕೂ ಕಾರಣ ಬೇರೆ ಬೇರೆ.

ಚಕ್ರದಲ್ಲಿ ಒಂದು ಹಸಿರು ಮನೆ

ಯುರೋಪಿಯನ್ ರೂಲೆಟ್ ಚಕ್ರದಲ್ಲಿ 37 ಮನೆಗಳಿವೆ: 18 ಕೆಂಪು, 18 ಕಪ್ಪು, ಒಂದು ಹಸಿರು ಸೊನ್ನೆ. ಒಂದೇ ಸಂಖ್ಯೆಗೆ 100 ರೂಪಾಯಿ ಹಾಕಿ ಗೆದ್ದರೆ 35 ಪಟ್ಟು ಲಾಭ, ಜೊತೆಗೆ ಹಾಕಿದ ನೂರೂ ವಾಪಸ್, ಒಟ್ಟು 3,600. ಈಗ ಎಲ್ಲ 37 ಮನೆಗೂ ನೂರು ನೂರು ಹಾಕಿ ನೋಡಿ. ಕೈಬಿಟ್ಟದ್ದು 3,700, ಯಾವುದೇ ಸಂಖ್ಯೆ ಬಂದರೂ ಕೈಗೆ ಸಿಗುವುದು 3,600. ಆ ನೂರು ರೂಪಾಯಿಯೇ ಕ್ಯಾಸಿನೊದ ಸಂಪಾದನೆ, ಅಂದರೆ ಶೇ 2.7. ಅಮೆರಿಕನ್ ಚಕ್ರದಲ್ಲಿ ಹಸಿರು ಮನೆ ಎರಡು, ಒಟ್ಟು 38. ಅಲ್ಲಿ ಕಡಿತ ಶೇ 5.26. ಮೇಜಿನ ಮುಂದೆ ನಿಂತವರು ಹಸಿರು ಮನೆ ಒಂದೋ ಎರಡೋ ಎಂದು ಎಣಿಸುವುದೇ ಇಲ್ಲ.

ಕೆಂಪು–ಕಪ್ಪಿಗೆ ಹಾಕಿದರೂ ಇದೇ ಕಡಿತ. ಗೆಲ್ಲುವ ಮನೆ 18, ಸೋಲುವ ಮನೆ 19. ಹಾಕುವ ಪ್ರತಿ ನೂರರಲ್ಲೂ ಸರಾಸರಿ 2 ರೂಪಾಯಿ 70 ಪೈಸೆ ಹೋಗುತ್ತದೆ. ಡಬಲ್ ಹಾಕುವ ಮಾರ್ಟಿಂಗೇಲ್ ಇರಲಿ, ಫಿಬೊನಾಚಿ, ಡಿ ಅಲಂಬರ್ಟ್ ಎಂಬ ದೊಡ್ಡ ಹೆಸರಿನವು ಇರಲಿ, ಎಲ್ಲವೂ ಎಷ್ಟು ಹಾಕಬೇಕು ಎಂಬುದನ್ನಷ್ಟೇ ಬದಲಿಸುತ್ತವೆ. ಚಕ್ರದಲ್ಲಿ ಯಾವ ಮನೆ ಬರುತ್ತದೆ ಎಂಬುದರ ಬಗ್ಗೆ ಅವುಗಳಿಗೆ ಹೊಸ ಸುದ್ದಿ ಏನೂ ಗೊತ್ತಿಲ್ಲ. ನಷ್ಟದ ಬಾಬತ್ತುಗಳನ್ನು ಯಾವ ಕ್ರಮದಲ್ಲಿ ಕೂಡಿದರೂ ಮೊತ್ತ ನಷ್ಟವೇ.

ಹಾಗಾದರೆ ಗೋವಾದಿಂದ ಬಂದವರು ನಗುತ್ತಾ ಬಂದದ್ದು ಹೇಗೆ?

ಇದು ನಿಜವಾದ ಪ್ರಶ್ನೆ, ಸ್ವಲ್ಪ ನಿಧಾನವಾಗಿ ನೋಡೋಣ. ನೂರರಿಂದ ಶುರು ಮಾಡಿ ಡಬಲ್ ಮಾಡುತ್ತಾ ಏಳು ಸಲ ಹಾಕುವಷ್ಟು ದುಡ್ಡು ಇದೆ ಎಂದುಕೊಳ್ಳಿ: 100, 200, 400, 800, 1,600, 3,200, 6,400. ಒಟ್ಟು 12,700. ಈ ಏಳರಲ್ಲಿ ಒಮ್ಮೆ ಗೆದ್ದರೂ ನಿವ್ವಳ ಲಾಭ ನೂರು ರೂಪಾಯಿ. ಗಮನಿಸಿ, 6,400 ಹಾಕಿ ಗೆದ್ದಾಗಲೂ ಉಳಿಯುವುದು ಆ ನೂರೇ.

ಏಳೂ ಸಲ ಸತತ ಸೋಲುವ ಸಂಭವ 106ಕ್ಕೆ ಒಂದು. ಅಂದರೆ 106 ಸುತ್ತು ಆಡಿದರೆ ಸರಾಸರಿ 105 ಸಲ ನೂರರಂತೆ 10,500 ಗಳಿಕೆ, ಒಂದು ಸಲ 12,700 ನಷ್ಟ. ಲೆಕ್ಕ ಮುಗಿಸಿದರೆ 2,200 ರೂಪಾಯಿ ಕೈಬಿಟ್ಟಿದೆ. ‘ಎಂಟನೇ ಸಲವೂ ಹಾಕುತ್ತೇನೆ’ ಎನ್ನುವವರಿಗೆ 12,800 ಬೇಕು. ಅಷ್ಟರಲ್ಲಿ ಜೇಬು ಇಲ್ಲವೇ ಮೇಜಿನ ಗರಿಷ್ಠ ಮಿತಿ ಅಡ್ಡ ಬರುತ್ತದೆ. ಮಿತಿ ಇಲ್ಲದ ಮೇಜು ಸಿಕ್ಕಿದರೂ ಕಡಿತ ಅದೇ ಶೇ 2.7.

ಒಂದು ಸಂಜೆ ಇಪ್ಪತ್ತು ಸುತ್ತು ಗೆಲ್ಲುವವರೆಗೆ, ಅಥವಾ ದುಡ್ಡು ಮುಗಿಯುವವರೆಗೆ ಹೀಗೆ ಆಡಿದರೆ, ನೂರು ಸಂಜೆಗಳಲ್ಲಿ ಸುಮಾರು 83 ಸಂಜೆ 2,000 ರೂಪಾಯಿ ಲಾಭದೊಂದಿಗೆ ಎದ್ದು ಬರಬಹುದು. ಆ 83 ಸಂಜೆಗಳ ಕಥೆಯೇ ಟೀ ಅಂಗಡಿಗೆ ಬರುವುದು. ಉಳಿದ 17 ಸಂಜೆಗಳವರು ಬಸ್ಸಿನ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತು ಬರುತ್ತಾರೆ. ಮೇಲಾಗಿ, ಗೆದ್ದವರು ಅಲ್ಲಿಗೇ ನಿಲ್ಲಿಸುವುದಿಲ್ಲ, ಮುಂದಿನ ತಿಂಗಳು ಮತ್ತೆ ಹೋಗುತ್ತಾರೆ.

‘ಇಷ್ಟು ಸಲ ಕಪ್ಪೇ ಬಂದಿದೆ, ಇನ್ನು ಕೆಂಪು ಬರಲೇಬೇಕು’ ಎಂಬ ನಂಬಿಕೆಗೆ 1913ರ ಆಗಸ್ಟ್ 18ರ ರಾತ್ರಿಯೇ ಉತ್ತರ. ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ಅಂದು ಸತತ 26 ಸಲ ಕಪ್ಪು ಬಂತು. ಪ್ರತಿ ಸಲವೂ ಜನ ಕೆಂಪಿನ ಮೇಲೆ ಇನ್ನಷ್ಟು ಸುರಿದರು. ಚೆಂಡಿಗೆ ನೆನಪಿಲ್ಲ.

ರೂಲೆಟ್ ಮೇಜಿನ ಪಕ್ಕದ ಪರದೆಯಲ್ಲಿ ಹಿಂದಿನ ಸಂಖ್ಯೆಗಳೆಲ್ಲ ಮಿನುಗುತ್ತಿರುತ್ತವೆ. ಉಪಯೋಗಕ್ಕೆ ಬರುವ ಮಾಹಿತಿಯಾಗಿದ್ದರೆ ಕ್ಯಾಸಿನೊ ಅದನ್ನು ಬಿಟ್ಟಿ ಕೊಡುತ್ತಿತ್ತೇ? ಮಟ್ಕಾ ಆಡುವವರು ಹಿಂದಿನ ವರ್ಷಗಳ ಚಾರ್ಟ್ ಇಟ್ಟುಕೊಂಡು ಓಸಿ ನಂಬರ್ ‘ತೆಗೆಯುವುದೂ’ ಇದೇ ಜಾತಿ. 2007ರಲ್ಲಿ ರಾಜ್ಯ ಸರ್ಕಾರ ಲಾಟರಿ ನಿಲ್ಲಿಸುವವರೆಗೆ ಒಂದಂಕಿ ಲಾಟರಿಗೂ ಇಂಥ ಪಂಡಿತರಿದ್ದರು.

ರೂಲೆಟ್ ಅನ್ನು ಯಾರೂ ಸೋಲಿಸಿಲ್ಲ ಎಂದಲ್ಲ. 1961ರಲ್ಲಿ ಗಣಿತಜ್ಞ ಎಡ್ವರ್ಡ್ ಥಾರ್ಪ್ ಮತ್ತು ಕ್ಲಾಡ್ ಶಾನನ್ ಮೈಮೇಲೆ ಧರಿಸುವ ಪುಟ್ಟ ಕಂಪ್ಯೂಟರ್ ಮಾಡಿ, ಚಕ್ರ ಮತ್ತು ಚೆಂಡಿನ ವೇಗ ಅಳೆದು, ಅದು ಬೀಳುವ ಜಾಗವನ್ನು ಅಂದಾಜಿಸಿದರು. ಅವರು ಪಣದ ಮೊತ್ತದ ಜೊತೆ ಆಟವಾಡಲಿಲ್ಲ, ಚಕ್ರದ ಬಗ್ಗೆ ಹೊಸ ಮಾಹಿತಿ ಸಂಪಾದಿಸಿದರು. ಇಂದು ಅಂಥ ಸಾಧನದೊಂದಿಗೆ ಸಿಕ್ಕಿಬಿದ್ದರೆ ಕ್ಯಾಸಿನೊದವರು ಸುಮ್ಮನೆ ಕಳುಹಿಸುವುದಿಲ್ಲ.

ಕ್ರಿಕೆಟ್‌ನಲ್ಲಿ ಮಾಹಿತಿ ಇದೆ, ನಿಜ

ಡೇಟಾ ಹುಡುಗರ ಮಾತಿನಲ್ಲಿ ಅರ್ಧ ಸತ್ಯವಿದೆ. ರೂಲೆಟ್‌ನಲ್ಲಿ ಸಂಭವವನ್ನು ಚಕ್ರವೇ ನಿಗದಿ ಮಾಡಿಬಿಟ್ಟಿದೆ. ಪಂದ್ಯದಲ್ಲಿ ಸಂಭವ ಎಷ್ಟೆಂದು ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಬುಕ್ಕಿ ಕೊಡುವ ಭಾವ್ ಅವನ ಅಂದಾಜು. ಅವನಿಗಿಂತ ಚೆನ್ನಾಗಿ ಅಂದಾಜಿಸಬಲ್ಲವರಿಗೆ ಅಲ್ಲಿ ಸಂದು ಇದೆ. ಹಾಂಗ್‌ಕಾಂಗ್‌ನ ಕುದುರೆ ಪಂದ್ಯಗಳಲ್ಲಿ ಬಿಲ್ ಬೆಂಟರ್ 1980ರ ದಶಕದಿಂದ ಕಂಪ್ಯೂಟರ್ ಮಾದರಿ ಕಟ್ಟಿ ಭಾರಿ ಹಣ ಮಾಡಿದ. 1994ರಲ್ಲಿ ತನ್ನ ವಿಧಾನದ ಬಗ್ಗೆ ಪ್ರಬಂಧವನ್ನೂ ಪ್ರಕಟಿಸಿದ. ಇಂಗ್ಲೆಂಡಿನ ಬ್ರೈಟನ್ ಫುಟ್‌ಬಾಲ್ ಕ್ಲಬ್‌ನ ಮಾಲೀಕ ಟೋನಿ ಬ್ಲೂಮ್, ಬ್ರೆಂಟ್‌ಫರ್ಡ್‌ನ ಮ್ಯಾಥ್ಯೂ ಬೆನಮ್ ಕೂಡ ಅಂಕಿಅಂಶದ ಬೆಟ್ಟಿಂಗ್‌ನಿಂದಲೇ ಮೇಲೆ ಬಂದವರು. ಆದರೆ ಇವರ ಹಿಂದೆ ದುಡಿಯುವುದು ಸಂಬಳದ ವಿಶ್ಲೇಷಕರ ದಂಡು. ಅದನ್ನು ನೋಡಿ ‘ನಾನೂ ಮಾಡುತ್ತೇನೆ’ ಎನ್ನುವ ಮೊದಲು ಮುಂದಿನ ಲೆಕ್ಕ ನೋಡಿ.

ಸರಿಸಮ ಬಲದ ಎರಡು ತಂಡಗಳಿಗೂ ಬುಕ್ಕಿ 1.90 ಭಾವ್ ಕೊಡುತ್ತಾನೆ ಎನ್ನಿ. ಅಂದರೆ ಸಾವಿರ ಹಾಕಿ ಗೆದ್ದರೆ 900 ಲಾಭ, ಸೋತರೆ ಸಾವಿರ ಖೋತಾ. ಇಲ್ಲಿ ಬಂಡವಾಳ ಉಳಿಸಿಕೊಳ್ಳಲಿಕ್ಕೇ ನೂರಕ್ಕೆ 52.6 ಸಲ ಸರಿ ಹೇಳಬೇಕು. ರೂಲೆಟ್‌ನ ಹಸಿರು ಮನೆ ಇಲ್ಲಿ ಭಾವ್‌ನ ಒಳಗೆ ಅಡಗಿದೆ.

ನೀವು ನಿಜಕ್ಕೂ ಜಾಣರು, ನೂರಕ್ಕೆ 55 ಸರಿ ಹೇಳುತ್ತೀರಿ ಎಂದೇ ಇಟ್ಟುಕೊಳ್ಳೋಣ. ಸಾವಿರದಂತೆ ನೂರು ಬೆಟ್‌ಗೆ ಲಾಭ 49,500, ನಷ್ಟ 45,000, ಉಳಿದದ್ದು 4,500. ಇದು ನಿಜವಾದ ಜಾಣ್ಮೆಯೋ ಅದೃಷ್ಟವೋ ಎಂದು ತಿಳಿಯಲು ನೂರು ಬೆಟ್ ಸಾಲದು. ಬರೀ ನಾಣ್ಯ ಚಿಮ್ಮಿ ಹೇಳುವವರಲ್ಲೂ ಹತ್ತಕ್ಕೆ ಒಬ್ಬರು ನೂರರಲ್ಲಿ 57 ಅಥವಾ ಹೆಚ್ಚು ಸರಿ ಹೇಳಿಬಿಡುತ್ತಾರೆ. 55ಕ್ಕೂ 52.6ಕ್ಕೂ ಇರುವ ಅಂತರ ಸ್ಪಷ್ಟವಾಗಿ ಕಾಣಲು ಸುಮಾರು 1,800 ಬೆಟ್ ಬೇಕು. ಒಂದು ಐಪಿಎಲ್ ಸೀಸನ್‌ನಲ್ಲಿ 74 ಪಂದ್ಯ. ಎಲ್ಲಕ್ಕೂ ಹಾಕಿದರೂ 24 ಸೀಸನ್. ಐಪಿಎಲ್ ಶುರುವಾದ 2008ರಿಂದ 2025ರವರೆಗೆ ನಡೆದಿರುವುದೇ 18.

ನಮ್ಮ ಆರ್‌ಸಿಬಿಯನ್ನೇ ನೋಡಿ. 2024ರಲ್ಲಿ ಮೊದಲ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಆಮೇಲೆ ಸತತ ಆರು ಗೆದ್ದು, ಚಿನ್ನಸ್ವಾಮಿಯಲ್ಲಿ ಚೆನ್ನೈಯನ್ನು ಸೋಲಿಸಿ ಪ್ಲೇಆಫ್‌ಗೆ ಹೋಯಿತು. ಎಂಟನೇ ಪಂದ್ಯದ ದಿನ ಯಾರ ಎಕ್ಸೆಲ್ ಏನು ಹೇಳುತ್ತಿತ್ತು? ಇಪ್ಪತ್ತು ಓವರಿನ ಆಟದಲ್ಲಿ ಅಷ್ಟು ಏರಿಳಿತ ಇರುತ್ತದೆ. ಎಂಟು ಹತ್ತು ಪಂದ್ಯಗಳ ‘ಫಾರ್ಮ್’ ನೋಡಿ ಹೇಳುವ ಭವಿಷ್ಯಕ್ಕೂ ಗಿಣಿಶಾಸ್ತ್ರಕ್ಕೂ ಹೆಚ್ಚು ದೂರವಿಲ್ಲ.

ನೀವೇ ಪರೀಕ್ಷಿಸಿ, ಒಂದು ಪೈಸೆ ಹಾಕದೆ

ವಾದ ಮಾಡುವ ಬದಲು ನಂಬಿದವರ ಕೈಯಿಂದಲೇ ಮಾಡಿಸಿ.

ರೂಲೆಟ್ ಸಿಸ್ಟಮ್‌ಗೆ:

1. 37 ಚೀಟಿ ಮಾಡಿ. 18ರಲ್ಲಿ ‘ಕೆಂ’, 18ರಲ್ಲಿ ‘ಕ’, ಒಂದರಲ್ಲಿ ‘ಸೊನ್ನೆ’ ಬರೆದು ಒಂದೇ ಥರ ಮಡಚಿ ಡಬ್ಬಿಗೆ ಹಾಕಿ. ಚೀಟಿ ವ್ಯವಹಾರದಲ್ಲಿ ಹೆಸರು ಎತ್ತುತ್ತೇವಲ್ಲ, ಹಾಗೆ.

2. ಒಂದು ಎತ್ತಿ, ಬರೆದುಕೊಂಡು, ವಾಪಸ್ ಹಾಕಿ ಕುಲುಕಿ. ವಾಪಸ್ ಹಾಕುವುದನ್ನು ಮರೆತರೆ ಪರೀಕ್ಷೆಯೇ ಕೆಟ್ಟಿತು. ಚಕ್ರದಲ್ಲಿ ಒಮ್ಮೆ ಬಂದ ಮನೆ ಮಾಯವಾಗುವುದಿಲ್ಲ.

3. 12,700 ಇದೆ ಎಂದು ನೋಟ್‌ಬುಕ್ಕಿನ ತಲೆಯಲ್ಲಿ ಬರೆದು ಡಬಲ್ ಲೆಕ್ಕ ಆಡಿ. ಒಂದೆರಡು ಸಂಜೆ ಸಾಲದು. ಏಳು ಸತತ ಸೋಲು ಬರುವವರೆಗೆ ನಿಲ್ಲಿಸಬೇಡಿ. ಎಕ್ಸೆಲ್ ಬಲ್ಲವರು ಅದರಲ್ಲೇ ಸಾವಿರ ಸುತ್ತು ಓಡಿಸಬಹುದು.

ಕ್ರಿಕೆಟ್ ‘ಡೇಟಾ’ಗೆ:

1. ಯಾರು ಗೆಲ್ಲುತ್ತಾರೆ ಎಂದು ಬರೆದರೆ ಪ್ರಯೋಜನವಿಲ್ಲ, ಶೇಕಡಾ ಎಷ್ಟು ಸಂಭವ ಎಂದು ಬರೆಯಿರಿ. ‘ಆರ್‌ಸಿಬಿ ಶೇ 58’ ಎಂಬ ಹಾಗೆ. ಭಾವ್ 1.60 ಇದ್ದರೆ ಅದಕ್ಕೆ ಶೇ 62.5 ಬೇಕು (ನೂರನ್ನು 1.60ರಿಂದ ಭಾಗಿಸಿ). ಅಂದರೆ ಆರ್‌ಸಿಬಿ ಗೆಲ್ಲುತ್ತದೆಂದು ನೀವೇ ನಂಬಿದರೂ ಆ ಭಾವ್ ನಿಮಗೆ ನಷ್ಟದ್ದು. ಈ ಒಂದು ಸಾಲು ಅರ್ಥವಾಗದೆ ಡೇಟಾದ ಮಾತೇ ಬೇಡ.

2. ಟಾಸ್‌ಗೆ ಮೊದಲು ಬರೆದು, ಮನೆಯವರೊಬ್ಬರ ವಾಟ್ಸ್‌ಆ್ಯಪ್‌ಗೆ ಕಳಿಸಿಬಿಡಿ. ‘ನಾನು ಅಂದುಕೊಂಡಿದ್ದೆ’ ಎಂಬುದಕ್ಕೆ ಸಮಯದ ಮುದ್ರೆ ಇರುವುದಿಲ್ಲ. ಕಳಿಸಿದ ಮೆಸೇಜಿಗೆ ಇರುತ್ತದೆ.

3. ಪ್ರತಿ ಸಲವೂ ಒಂದೇ ಕಾಲ್ಪನಿಕ ಮೊತ್ತ. ‘ಇದು ಗ್ಯಾರಂಟಿ ಮ್ಯಾಚ್’ ಎಂದು ಹೆಚ್ಚು ಬರೆಯುವ ಹಾಗಿಲ್ಲ.

4. ನೀವು ಬರೆದಾಗಿನ ಭಾವ್ ಮತ್ತು ಪಂದ್ಯ ಶುರುವಾಗುವಾಗಿನ ಭಾವ್ ಎರಡನ್ನೂ ದಾಖಲಿಸಿ. ವೃತ್ತಿಪರರು ತಮ್ಮನ್ನು ಅಳೆದುಕೊಳ್ಳುವುದು ಮುಖ್ಯವಾಗಿ ಇದರಿಂದ. ನೀವು 1.90 ಇದ್ದಾಗ ಬರೆದದ್ದು ಕೊನೆಗೆ 1.80 ಆಗುತ್ತಿದ್ದರೆ, ಅದೂ ಬಹುತೇಕ ಸಲ ಹಾಗೇ ಆಗುತ್ತಿದ್ದರೆ, ನಿಮಗೆ ಏನೋ ಮೊದಲೇ ಕಂಡಿದೆ ಎಂದರ್ಥ. ಅತ್ತಿತ್ತ ಸಮನಾಗಿದ್ದರೆ ಕಂಡಿಲ್ಲ.

5. ಇಡೀ ಸೀಸನ್ ಮುಗಿದ ಮೇಲೆ ಮಾತ್ರ ಕೂಡಿ. ನನಗೆ ಗೊತ್ತಿರುವ ಮಟ್ಟಿಗೆ ಹೆಚ್ಚಿನವರು ಮೂರನೇ ವಾರಕ್ಕೇ ಬರೆಯುವುದು ಬಿಡುತ್ತಾರೆ. ಅದೂ ಒಂದು ಉತ್ತರವೇ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕ್ರಿಕೆಟ್‌ಗೆ ಡಬಲ್ ಲೆಕ್ಕ ಸೇರಿಸುವುದು. ನಿನ್ನೆ ಐದು ಸಾವಿರ ಹೋಯಿತು, ಇಂದು ಹತ್ತು ಹಾಕಿ ತೆಗೆಯುತ್ತೇನೆ ಎಂಬುದು ಸಾಲದ ಮೊದಲ ಮೆಟ್ಟಿಲು. ನಿಜವಾದ ಅಂಕಿಅಂಶದವರು ಸೋತ ಮೇಲೆ ಪಣ ಇಳಿಸುತ್ತಾರೆ. 1956ರಲ್ಲಿ ಜಾನ್ ಕೆಲ್ಲಿ ಕೊಟ್ಟ ಸೂತ್ರದ ಪ್ರಕಾರ ನೂರಕ್ಕೆ 55 ಸರಿ ಹೇಳುವವರೂ 1.90 ಭಾವ್‌ಗೆ ಕೈಯಲ್ಲಿರುವ ಹಣದ ಶೇ 5ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಹಣ ಕರಗಿದಂತೆ ಆ ಶೇ 5 ಕೂಡ ಕರಗುತ್ತದೆ.

ಟೆಲಿಗ್ರಾಂ ‘ಟಿಪ್’ ನಂಬುವುದು. 1,024 ಜನರಲ್ಲಿ ಅರ್ಧಕ್ಕೆ ಒಂದು ತಂಡ, ಉಳಿದರ್ಧಕ್ಕೆ ಇನ್ನೊಂದು ತಂಡ ಗೆಲ್ಲುತ್ತದೆ ಎಂದು ಕಳಿಸಿ. ತಪ್ಪಾದವರನ್ನು ಬಿಟ್ಟು ಉಳಿದ 512 ಜನಕ್ಕೆ ಮತ್ತೆ ಹಾಗೇ ಕಳಿಸಿ. ಐದು ಪಂದ್ಯ ಮುಗಿಯುವ ಹೊತ್ತಿಗೆ 32 ಜನ ಐದಕ್ಕೈದೂ ಸರಿಯಾದದ್ದನ್ನು ಕಣ್ಣಾರೆ ಕಂಡಿರುತ್ತಾರೆ. ಆರನೆಯದಕ್ಕೆ ಅವರಿಂದ ದುಡ್ಡು ಕೇಳುವುದು. ಇದಕ್ಕೆ ಕ್ರಿಕೆಟ್ ಗೊತ್ತಿರಬೇಕಾದ್ದೇ ಇಲ್ಲ.

ಪ್ರೀತಿಯ ತಂಡಕ್ಕೆ ಹಾಕುವುದು. ‘ಈ ಸಲ ಕಪ್ ನಮ್ದೇ’ ಎಂದವರ ಮಾತು ನಿಜವಾಗಲು 2025ರ ಜೂನ್ 3ರವರೆಗೆ, 18ನೇ ಸೀಸನ್‌ವರೆಗೆ ಕಾಯಬೇಕಾಯಿತು.

ಆಟ ಶುದ್ಧವಾಗಿದೆ ಎಂದು ನಂಬುವುದು. 2019ರಲ್ಲಿ ನಮ್ಮದೇ ಕರ್ನಾಟಕ ಪ್ರೀಮಿಯರ್ ಲೀಗ್‌ನ ಫಿಕ್ಸಿಂಗ್ ಪ್ರಕರಣದಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಆಟಗಾರರನ್ನೂ ತಂಡದ ಮಾಲೀಕರೊಬ್ಬರನ್ನೂ ಬಂಧಿಸಿದ್ದರು. ಪಂದ್ಯದ ಒಳಗೇ ಬೇರೆ ಲೆಕ್ಕ ನಡೆಯುತ್ತಿದೆ ಎಂಬ ಆರೋಪ ಬಂದ ಆಟದಲ್ಲಿ ಪಿಚ್ ರಿಪೋರ್ಟ್ ಕಟ್ಟಿಕೊಂಡು ಏನು ಮಾಡುತ್ತೀರಿ?

ಎಚ್ಚರ: ಕಾನೂನು ಮತ್ತು ತೆರಿಗೆ

ಕರ್ನಾಟಕದಲ್ಲಿ ಕ್ರಿಕೆಟ್ ಬೆಟ್ಟಿಂಗ್ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಪರಾಧ. ಆನ್‌ಲೈನ್ ಹಣದಾಟದ ಮೇಲೆ ರಾಜ್ಯ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದು ಮಾಡಿತ್ತು. ಕೌಶಲದ ಆಟ, ಅದೃಷ್ಟದ ಆಟ ಎಂಬ ವಾದವೇ ಅಲ್ಲಿ ಮುಖ್ಯವಾಗಿತ್ತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆ ಭೇದವನ್ನೇ ತೆಗೆದುಹಾಕಿದೆ: ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ಕೌಶಲದ್ದಾದರೂ ನಿಷಿದ್ಧ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡಿದವರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಹಾಗೆಂದು ಧೈರ್ಯ ಮಾಡಬೇಡಿ. ಈಗ ಉಳಿದಿರುವ ಆ್ಯಪ್‌ಗಳು ವಿದೇಶದ ವಿಳಾಸದವು, ಹಣ ಹೋಗುವುದು ಯಾರದೋ ಬಾಡಿಗೆ ಬ್ಯಾಂಕ್ ಖಾತೆಗೆ. ‘ನಿನ್ನ ಅಕೌಂಟ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ’ ಎಂದು ಬಂದವರಿಗೆ ಪಾಸ್‌ಬುಕ್, ಸಿಮ್ ಕೊಟ್ಟರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ.

ಗೆದ್ದ ಹಣ ಬುಕ್ಕಿ ಕೊಡದಿದ್ದರೆ? 1872ರ ಒಪ್ಪಂದ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಒಪ್ಪಂದ ಅಸಿಂಧು. ಯಾವ ಕೋರ್ಟೂ ವಸೂಲಿ ಮಾಡಿಕೊಡುವುದಿಲ್ಲ.

ಕಾನೂನಿನ ಒಳಗೆ ಉಳಿಯುವುದು ಗೋವಾದ ಕ್ಯಾಸಿನೊ ಮತ್ತು ರೇಸ್‌ಕೋರ್ಸ್. ಕುದುರೆ ಪಂದ್ಯ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಡೇಟಾ ಹುಡುಗರು ಇಲ್ಲಾದರೂ ಗೆಲ್ಲಬಹುದಲ್ಲ? 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊ, ರೇಸ್ ಎರಡಕ್ಕೂ ಜಿಎಸ್‌ಟಿ ಶೇ 40. ಗೆಲುವಿನ ಮೇಲೆ ಶೇ 30 ಆದಾಯ ತೆರಿಗೆ ಬೇರೆ, ಅದರಲ್ಲಿ ಸೋಲನ್ನು ಕಳೆಯಲು ಬಿಡುವುದಿಲ್ಲ. ಮೇಲಿನ ಜಾಣರ ಲೆಕ್ಕವನ್ನೇ ತನ್ನಿ: ನೂರರಲ್ಲಿ 55 ಸರಿ, ಗೆಲುವು 49,500, ಅದರ ಶೇ 30 ಎಂದರೆ 14,850. ಉಳಿದಿದ್ದದ್ದು 4,500. ಅಂದರೆ ಜಿಎಸ್‌ಟಿ ಮುಟ್ಟುವ ಮೊದಲೇ ಹತ್ತು ಸಾವಿರ ಚಿಲ್ಲರೆ ನಷ್ಟ. ಬಿಲ್ ಬೆಂಟರ್ ಬಂದು ಬಿನ್ನಿಪೇಟೆಯಲ್ಲಿ ಮನೆ ಮಾಡಿದರೂ ಈ ಲೆಕ್ಕ ಗಿಟ್ಟುವುದಿಲ್ಲ.

ಈಗಾಗಲೇ ಸಿಕ್ಕಿಕೊಂಡಿದ್ದರೆ

ಮೊದಲ ಕೆಲಸ, ಇನ್ನೊಂದು ರೂಪಾಯಿ ಹಾಕದಿರುವುದು. ‘ನಿಮ್ಮ ಎರಡು ಲಕ್ಷ ಬಿಡಿಸಲು ಇಪ್ಪತ್ತು ಸಾವಿರ ತೆರಿಗೆ ಕಟ್ಟಿ’ ಎಂಬ ಮೆಸೇಜ್ ಬಂದರೆ ಆ ಎರಡು ಲಕ್ಷ ಇಲ್ಲವೇ ಇಲ್ಲ ಎಂದು ತಿಳಿಯಿರಿ. ಸ್ಕ್ರೀನ್‌ಶಾಟ್, ಯುಪಿಐ ವಹಿವಾಟಿನ ನಂಬರ್ ತೆಗೆದಿಟ್ಟುಕೊಂಡು ತಕ್ಷಣ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಎರಡನೆಯದು, ಮನೆಯಲ್ಲಿ ಒಬ್ಬರಿಗೆ ಪೂರ್ತಿ ಮೊತ್ತ ಹೇಳಿ. ಅರ್ಧ ಹೇಳಿ ಅರ್ಧ ಮುಚ್ಚಿಟ್ಟರೆ ಆ ಅರ್ಧವನ್ನು ‘ತೆಗೆಯಲು’ ಮತ್ತೆ ಆಡುತ್ತೀರಿ. ಕೇಳುವ ಮನೆಯವರೂ ಆ ಹೊತ್ತಿಗೆ ಬೈಗುಳ ಬದಿಗಿಟ್ಟು, ಸಾಲ ಯಾರಿಗೆ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಲೋನ್ ಆ್ಯಪ್ ಸಾಲ ಇದ್ದರೆ ಅದನ್ನು ಬೇರೆಯಾಗಿ ಬರೆಸಿ. ಅದರ ಬಡ್ಡಿಯೇ ಎಲ್ಲಕ್ಕಿಂತ ವೇಗವಾಗಿ ಬೆಳೆಯುವುದು.

ಮೂರನೆಯದು, ಬಿಡಲು ಆಗುತ್ತಿಲ್ಲ, ನಿದ್ದೆ ಬರುತ್ತಿಲ್ಲ, ಬದುಕುವುದೇ ಬೇಡ ಎನಿಸುತ್ತಿದೆ ಎಂದರೆ ಅದು ಲೆಕ್ಕದಿಂದ ಸರಿಹೋಗುವ ವಿಷಯವಲ್ಲ, ಕಾಯಿಲೆ, ಚಿಕಿತ್ಸೆ ಇದೆ. ನಿಮ್ಹಾನ್ಸ್‌ನ ಶಟ್ ಕ್ಲಿನಿಕ್ ಆನ್‌ಲೈನ್ ಆಟವೂ ಸೇರಿದಂತೆ ತಂತ್ರಜ್ಞಾನದ ಗೀಳಿಗೆಂದೇ 2014ರಿಂದ ನಡೆಯುತ್ತಿದೆ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.